ನಾಲ್ಕು ತಾಸಿನ ದುಬೈ, ಎಂಟು ತಾಸಿನ ಇಳಕಲ್ಲು

ಇವತ್ತು ಸಣ್ಣದೊಂದು ಲೆಕ್ಕ ಮಾಡೋಣ. ಬೆಂಗಳೂರಿನಿಂದ ದುಬೈ ಎಷ್ಟು ದೂರ? ಮೊಬೈಲ್ ಕೇಳಿದರೆ ಕ್ಷಣದಲ್ಲಿ ಉತ್ತರ ಸಿಗುತ್ತೆ: ಸುಮಾರು 2,700 ಕಿಲೋಮೀಟರ್, ವಿಮಾನದಲ್ಲಿ ಹೆಚ್ಚುಕಡಿಮೆ ನಾಲ್ಕು ತಾಸು. ಉತ್ತರ ಸರಿ. ಆದರೆ ಅದು ದೇವನಹಳ್ಳಿ ಪಕ್ಕದಲ್ಲಿ ಮನೆ ಇರೋರ ಉತ್ತರ. ಇಳಕಲ್ಲಿನವರದ್ದಲ್ಲ.

ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕ ಅರ್ಧಕ್ಕೆ ಬಿಡೋಕಾಗಲ್ಲ. ಮೊದಲು ಗಡಿಯಾರ ನೋಡೋಣ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಬೆಳಿಗ್ಗೆ 10ಕ್ಕೆ ಬೆಂಗಳೂರು ಬಿಡುವ ವಿಮಾನ 12.30ಕ್ಕೆ ದುಬೈ ತಲುಪುತ್ತೆ ಅಂತ ಟಿಕೆಟ್ಟಿನಲ್ಲಿದ್ದರೆ, ಪ್ರಯಾಣ ಎರಡೂವರೆ ತಾಸಿನದ್ದಲ್ಲ, ನಾಲ್ಕು ತಾಸಿನದು. ವಾಪಸ್ ಬರುವಾಗ ಗಾಳಿ ಬೆನ್ನಿಗಿರುತ್ತೆ, ಸಾಮಾನ್ಯವಾಗಿ ಸ್ವಲ್ಪ ಬೇಗ ತಲುಪ್ತೀವಿ. ಆದರೆ ಗಡಿಯಾರದ ಮುಳ್ಳು ಮಾತ್ರ ಐದು ತಾಸು ಮುಂದೆ ಹೋಗಿರುತ್ತೆ.

ಈಗ ನೆಲದ ಲೆಕ್ಕ. ಇಳಕಲ್ಲಿನಿಂದ ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗ ದಾಟಿ ಬೆಂಗಳೂರು 400 ಕಿಲೋಮೀಟರಿಗೂ ಹೆಚ್ಚು. ರಾತ್ರಿ ಬಸ್ಸಿನಲ್ಲಿ ಎಂಟು ತಾಸು ಹಿಡೀರಿ. ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ಒಂದೂವರೆ ತಾಸು. ಹೊರದೇಶದ ವಿಮಾನ ಅಂದ್ರೆ ಮೂರು ತಾಸು ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಹನ್ನೆರಡೂವರೆ ತಾಸು ನೆಲದ ಮೇಲೇ ಹೋಯ್ತು! ಹುನಗುಂದದವರಿಗೆ, ಬಾಗಲಕೋಟೆಯವರಿಗೆ ಇನ್ನಷ್ಟು. ಮಂಗಳೂರಿಗೋ ಗೋವಾಕ್ಕೋ ಹೋಗ್ತೀವಿ ಅಂದ್ರೆ ಘಟ್ಟ ಇಳಿಯಬೇಕು.

ದುಡಿಯೋಕೆ ಹೋಗುವಾಗ ಇದನ್ನ ಹೆಂಗೋ ಸಹಿಸಬಹುದು. ಊರಿಂದ ಕೆಟ್ಟ ಸುದ್ದಿ ಬಂದಾಗ? ನಮ್ಮ ಕಡೆ ಮಣ್ಣು ಮಾಡೋದನ್ನ ಬಹಳ ಹೊತ್ತು ತಡೆಯೋದಿಲ್ಲ. "ಮಗ ಎಷ್ಟೊತ್ತಿಗೆ ಬರ್ತಾನ್ರಿ?" ಅಂತ ಹಿರಿಯರು ಕೇಳ್ತಾರೆ. ಮಗ ನಸುಕಿನಲ್ಲೇ ಬೆಂಗಳೂರಿಗೆ ಇಳಿದಿರ್ತಾನೆ. ಸಮುದ್ರ ದಾಟಿದ್ದಾಗಿದೆ, ಇನ್ನು ಚಿತ್ರದುರ್ಗ ದಾಟಬೇಕು. ಅಷ್ಟರಲ್ಲಿ ಹೊತ್ತು ಮುಳುಗಿದರೆ ಅವ್ವನ ಮಾರಿ ನೋಡೋ ಭಾಗ್ಯ ಇಲ್ಲ.

ಊರೂರಿಗೆ ವಿಮಾನ ನಿಲ್ದಾಣ ಕೊಡಿ ಅಂತ ನಾನು ಕೇಳ್ತಿಲ್ಲ. ಹುಬ್ಬಳ್ಳಿಯಲ್ಲಿ ನಿಲ್ದಾಣ ಇದೆ, ಬಾದಾಮಿಯಿಂದ ನೂರು ಕಿಲೋಮೀಟರ್ ಆಸುಪಾಸು. ಅಲ್ಲಿಂದ ಗಲ್ಫ್‌ಗೆ ವಾರಕ್ಕೆರಡು ನೇರ ವಿಮಾನ ಹಾರಿದರೂ ಎಷ್ಟೋ ಮನೆಗಳ ಲೆಕ್ಕ ಬದಲಾಗುತ್ತೆ. ಅದಕ್ಕೆ ವಲಸೆ ತಪಾಸಣೆ, ಕಸ್ಟಮ್ಸ್ ವ್ಯವಸ್ಥೆ ಬೇಕು, ಸರಕಾರದ ಮನಸ್ಸೂ ಬೇಕು. ಅಲ್ಲಿಯವರೆಗೆ ಹುಬ್ಬಳ್ಳಿಯ ವಿಮಾನಗಳ ವೇಳೆ ಬೆಂಗಳೂರು, ಮುಂಬೈನಿಂದ ಹೊರದೇಶಕ್ಕೆ ಹೋಗಿಬರುವ ವಿಮಾನಗಳಿಗೆ ಹೊಂದಬೇಕು. ಅದಕ್ಕೆ ಹೊಸ ರನ್‌ವೇ ಏನೂ ಬೇಕಾಗಿಲ್ಲ.

ಓಟು ಕೇಳೋಕೆ ಬರೋರಿಗೆ ಒಂದೇ ಪ್ರಶ್ನೆ ಕೇಳಿ: ಸಾಹೇಬ್ರ, ನಿಲ್ದಾಣದಿಂದ ನಿಲ್ದಾಣಕ್ಕೆ ಎಷ್ಟು ತಾಸು ಅಂತ ಗೊತ್ತದ. ನಮ್ಮ ಹೊಸ್ತಿಲಿನಿಂದ ಎಷ್ಟು, ಅದನ್ನ ಹೇಳ್ರಿ.