ಜಮ್ಮ ಭೂಮಿಯ ಬಂಟ



ಹಳೆಯ ಕಾಲದ ಸೈನ್ಯವೆಂದೊಡನೆ ಕಣ್ಣಮುಂದೆ ನಿಲ್ಲುವುದು ಆನೆ ಕುದುರೆಗಳ ಸಾಲು, ಅರಸರ ಬಿರುದಾವಳಿ, ಕೋಟೆಯ ಮುತ್ತಿಗೆ. ಆ ಸೈನ್ಯದ ಕೊನೆಯ ಸಾಲಿನಲ್ಲಿ ನಿಂತವನು ಯಾರ ಮನೆಯ ಅನ್ನವನ್ನುಂಡು ಬಂದನು, ಅವನು ಹೊರಟುಬಂದ ಮೇಲೆ ಅವನ ಗದ್ದೆಯನ್ನು ಉತ್ತವರು ಯಾರು ಎಂಬ ಪ್ರಶ್ನೆಯನ್ನು ಚರಿತ್ರೆಯ ಗ್ರಂಥಗಳು ಕೇಳುವುದು ಅಪೂರ್ವ. ಇಂದು ನಾವು ಹೇಳಹೊರಟಿರುವುದು ಅಂಥವನೊಬ್ಬನ ಸಂಗತಿ. ಅವನು ಕೊಡಗಿನವನು, ಹಾಲೇರಿ ವಂಶದ ಅರಸರ ಕಾಲದಲ್ಲಿ ಜಮ್ಮದ ಗದ್ದೆಯನ್ನು ಉಳುತ್ತ, ಕರೆ ಬಂದಾಗ ಕೋವಿ ಹಿಡಿದು ಹೊರಡುತ್ತ ಇದ್ದವನು, ನಮ್ಮ ಒಕ್ಕದ ಹಿರಿಯರಲ್ಲೊಬ್ಬನು. ಶಾಸನದಲ್ಲಾಗಲಿ ಬಖೈರಿನಲ್ಲಾಗಲಿ ಅವನ ಹೆಸರಿಲ್ಲ. ಅವನು ಮಾಡಿದ ಸೇವೆ ಎಂಥದೆಂಬುದನ್ನು ತಿಳಿಯಬೇಕಾದರೆ ಅವನು ಉತ್ತ ಭೂಮಿಯನ್ನು ವಿಚಾರಿಸಬೇಕು.

ಜಮ್ಮವೆಂಬುದು ಜನ್ಮ ಎಂಬ ಶಬ್ದದ ತದ್ಭವ. ಹುಟ್ಟಿನಿಂದ ಬಂದ ಹಕ್ಕಿನ ಭೂಮಿ ಎಂದರ್ಥ. ಈ ಭೂಮಿಗೆ ಕಂದಾಯವು ಅರ್ಧ. ಬ್ರಿಟಿಷರ ಕಾಲದ ಲೆಕ್ಕದಲ್ಲಿ ನೂರು ಬಟ್ಟಿ ಗದ್ದೆಗೆ ಸಾಗು ಹಿಡುವಳಿಯವನು ಹತ್ತು ರೂಪಾಯಿಗಳನ್ನು ತೆತ್ತರೆ ಜಮ್ಮದವನು ಐದನ್ನು ತೆರುತ್ತಿದ್ದನು. ಗದ್ದೆಯ ಜೊತೆಗೆ ಸೊಪ್ಪು, ಸೌದೆ, ದನದ ಮೇವುಗಳಿಗಾಗಿ ಬಾಣೆ ಎಂಬ ಕಾಡಿನ ನೆಲವೂ ತೆರಿಗೆಯಿಲ್ಲದೆ ಸೇರಿಬರುತ್ತಿತ್ತು. ಇದನ್ನು ಕೇಳಿದವರು ಅರಸರ ಔದಾರ್ಯವೆಂದು ತಿಳಿಯಬಹುದು. ಔದಾರ್ಯವಲ್ಲ, ಅದು ವ್ಯಾಪಾರ. ಬಿಟ್ಟ ಅರ್ಧ ಕಂದಾಯಕ್ಕೆ ಪ್ರತಿಯಾಗಿ ಜಮ್ಮದ ಮನೆಯವರು ಗಡಿಯ ಉಕ್ಕಡಗಳಲ್ಲಿ ಸರದಿಯ ಮೇಲೆ ಕಾವಲಿರಬೇಕು. ಯುದ್ಧ ಬಂದರೆ ತಮ್ಮ ಆಯುಧದೊಡನೆ ಹಾಜರಾಗಬೇಕು. ತಿಂಗಳ ಸಂಬಳವೆಂಬುದಿಲ್ಲ. ಭೂಮಿಯನ್ನು ಮಾರುವಂತಿಲ್ಲ, ಅಡವು ಇಡುವಂತಿಲ್ಲ, ಹಂಚಿಕೊಳ್ಳುವಂತೆಯೂ ಇಲ್ಲ. ಒಕ್ಕದ ಯಜಮಾನನಾದ ಪಟ್ಟೆದಾರನ ಹೆಸರಿನಲ್ಲಿ ಅದು ತಲೆಯಿಂದ ತಲೆಗೆ ಇಡಿಯಾಗಿಯೇ ಸಾಗಬೇಕು.

ಈ ಕೊನೆಯ ಕಟ್ಟಳೆಯಲ್ಲಿಯೇ ಇಡೀ ವ್ಯವಸ್ಥೆಯ ಬೀಗದ ಕೈ ಇದೆಯೆಂದು ನಮಗೆ ತೋರುತ್ತದೆ. ಗದ್ದೆಯನ್ನು ಅಣ್ಣತಮ್ಮಂದಿರು ಪಾಲುಮಾಡಿಕೊಂಡಿದ್ದರೆ ಉಕ್ಕಡಕ್ಕೆ ಹೋದವನ ಪಾಲು ಬೀಳುಬೀಳುತ್ತಿತ್ತು. ಅವನ ಹೆಂಡತಿ ಮಕ್ಕಳು ಉಪವಾಸವಿರಬೇಕಾಗುತ್ತಿತ್ತು. ಪಾಲಿಲ್ಲದುದರಿಂದ ಒಬ್ಬನು ಹೋದರೆ ಮತ್ತೊಬ್ಬನು ನೇಗಿಲು ಹಿಡಿಯುತ್ತಿದ್ದನು. ಎಲ್ಲರ ಮಕ್ಕಳೂ ಒಂದೇ ಒಲೆಯ ಅನ್ನವನ್ನುಣ್ಣುತ್ತಿದ್ದರು. ಐನ್‌ಮನೆಯ ಅವಿಭಕ್ತ ಕುಟುಂಬವನ್ನು ನಮ್ಮ ಪಂಡಿತರು ಆರ್ಯಸಂಸ್ಕೃತಿಯ ಕುರುಹೆಂದೋ ದ್ರಾವಿಡ ಪದ್ಧತಿಯ ಅವಶೇಷವೆಂದೋ ವರ್ಣಿಸುವುದುಂಟು. ನಮ್ಮ ಕಣ್ಣಿಗೆ ಅದು ಒಂದು ದಂಡಿನ ಏರ್ಪಾಡಿನಂತೆಯೂ ಕಾಣುತ್ತದೆ. ಅರಸನಿಗೆ ಸೇವೆ ಮಾಡಿದುದು ವ್ಯಕ್ತಿಯಲ್ಲ, ಮನೆ. ಕೋವಿ ಹೊತ್ತವನೊಬ್ಬ, ಅವನನ್ನು ಹೊತ್ತವರು ಹಲವರು.

ಆ ಹಲವರಲ್ಲಿ ಮೊದಲಿಗರು ಹೆಂಗಸರು. ಸಸಿ ಕೀಳುವುದು, ನಾಟಿ, ಭತ್ತ ಕುಟ್ಟುವುದು, ದನಕರು, ಹಸುಗೂಸು, ಮುದುಕರು, ಇವೆಲ್ಲವೂ ಅವರ ಪಾಲಿನವು. ಗಂಡನು ಗಡಿಯಿಂದ ಬಾರದೆಹೋದರೆ ಏನು ಗತಿ? ಇಲ್ಲಿ ಕೊಡಗಿನ ಪದ್ಧತಿಯು ನಾಡಿನ ಎಷ್ಟೋ ಮೇಲುಜಾತಿಗಳ ಪದ್ಧತಿಗಿಂತ ಕರುಣೆಯುಳ್ಳದ್ದಾಗಿತ್ತು. ವಿಧವೆಗೆ ಮರುಮದುವೆಯುಂಟು. ಒಕ್ಕದಲ್ಲಿ ಗಂಡಸರೇ ಉಳಿಯದಿದ್ದರೆ ಮಗಳಿಗೆ ಗಂಡನನ್ನು ಮನೆಗೇ ತಂದುಕೊಂಡು, ಹುಟ್ಟಿದ ಮಕ್ಕಳಿಗೆ ತಾಯಿಯ ಒಕ್ಕದ ಹೆಸರನ್ನೇ ಇಡುವ ಒಕ್ಕಪರಿಜೆ ಎಂಬ ವಿವಾಹವೂ ಉಂಟು. ಇದನ್ನು ಕೇವಲ ಕರುಣೆಯೆನ್ನುವುದು ತಪ್ಪಾದೀತು. ಮನೆ ಅಳಿದರೆ ಗದ್ದೆಯೂ ಅಳಿಯುತ್ತದೆ, ಕಾವಲುಗಾರನೂ ಅಳಿಯುತ್ತಾನೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಸಾವಿರಾರು ಮಂದಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿದ ಮೇಲೆ (ಸಂಖ್ಯೆಯ ವಿಷಯದಲ್ಲಿ ಲೇಖಕರು ಒಮ್ಮತರಲ್ಲ) ಇಂಥ ಉಪಾಯಗಳ ಬೆಲೆ ಎಷ್ಟೆಂಬುದನ್ನು ಊಹಿಸಬಹುದು.

ಇನ್ನೊಂದು ವರ್ಗದವರಿದ್ದರು. ಅವರ ಮಾತನ್ನು ಬಿಟ್ಟು ಹಿರಿಯರ ಶೌರ್ಯವನ್ನು ಮಾತ್ರ ಕೊಂಡಾಡುವುದು ನಮಗೆ ಸರಿಯೆನಿಸುವುದಿಲ್ಲ. ಜಮ್ಮದ ಗದ್ದೆಗಳಲ್ಲಿ ಕೆಸರನ್ನು ತುಳಿದವರು ಬಹುಮಟ್ಟಿಗೆ ಜೀತದ ಆಳುಗಳು. ನೆಲದೊಡನೆಯೇ ಕೈಮಾರುತ್ತಿದ್ದವರು ‘ಭೂಮಿ ಜಮ್ಮದ ಆಳು’, ಮನೆತನದ ಸ್ವತ್ತಾಗಿದ್ದವರು ‘ಒಕ್ಕಲು ಜಮ್ಮದ ಆಳು’. ಒಡೆಯನ ಭೂಮಿಯೂ ಜಮ್ಮ, ಆಳಿನ ದಾಸ್ಯವೂ ಜಮ್ಮ; ಒಂದೇ ಶಬ್ದ ಒಬ್ಬನಿಗೆ ಹಕ್ಕಾಯಿತು, ಮತ್ತೊಬ್ಬನಿಗೆ ಸಂಕೋಲೆಯಾಯಿತು. 1843ರ ಕಾಯಿದೆಯಿಂದ ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆ ತಪ್ಪಿತು. 1854ರಿಂದೀಚೆಗೆ ಐರೋಪ್ಯರ ಕಾಫಿ ತೋಟಗಳೆದ್ದ ಮೇಲೆ ಕೂಲಿಯ ಕೆಲಸವೂ ಸಿಕ್ಕತೊಡಗಿತು. ನಮ್ಮ ಹಿರಿಯನು ಗಡಿಯಲ್ಲಿ ನಿಂತಿದ್ದಾಗ ಮನೆಯ ಅನ್ನವನ್ನು ಬೆಳೆದವರಲ್ಲಿ ಈ ಆಳುಗಳೂ ಸೇರಿದ್ದರು. ಅವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಕೋವಿ ಹಾರಿಸುವವರಿರಲಿಲ್ಲ.

ಕೋವಿಯ ಮಾತು ಬಂದುದರಿಂದ ಅದನ್ನು ವಿವರಿಸಬೇಕು. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದೊಡನೆ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುವರು. ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲುಬಾಣಗಳನ್ನು ಮಾಡಿ ಆ ಎಳೆಯ ಕೈಗೆ ಮುಟ್ಟಿಸುವರು. ಸತ್ತಾಗ ಎರಡು ಗುಂಡು. ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡುಗಳನ್ನು ಒಡಿಕತ್ತಿಯಿಂದ ಒಂದೊಂದೇ ಹೊಡೆತಕ್ಕೆ ಕಡಿಯಬೇಕು. ವರ್ಷದ ಲೆಕ್ಕವೂ ಹಾಗೆಯೇ. ಮಳೆ ಹಿಡಿದು ಉಳುಮೆಗೆ ತೊಡಗಿದಾಗ ಆಯುಧಗಳು ಕನ್ನಿಕೊಂಬರೆಯನ್ನು ಸೇರುವುವು. ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಆದಿಯಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು, ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸಿ ಹೊರಕ್ಕೆ ತೆಗೆಯುವರು. ಆಮೇಲೆ ಬೇಟೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಪುತ್ತರಿಯ ಕೊಯ್ಲು ಮುಗಿದು ಹೊಳೆಗಳಿಳಿಯುವ ವೇಳೆಗೆ ದಂಡು ನಡೆಯುವ ಕಾಲ ಬಂದಿರುತ್ತದೆ. ರೈತನ ಪಂಚಾಂಗವೂ ಸಿಪಾಯಿಯ ಪಂಚಾಂಗವೂ ಒಂದೇ ಹಾಳೆಯಲ್ಲಿ ಬರೆದಂತಿವೆ!

ನಮ್ಮ ಹಿರಿಯನು ಸಿದ್ದೇಶ್ವರದ ಕಡೆ ಇದ್ದನೆಂಬುದು ಮನೆಯ ಮಾತು. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ದೊಡ್ಡ ವೀರರಾಜೇಂದ್ರನು 1790ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿದ್ದನು. 1799ರ ಮಾರ್ಚಿಯಲ್ಲಿ ಮಲೆಯಾಳದ ಕಡೆಯಿಂದ ಬಂದ ಬೊಂಬಾಯಿ ಸೈನ್ಯವು ಕೊಡಗಿನ ಮೂಲಕ ಶ್ರೀರಂಗಪಟ್ಟಣದತ್ತ ನಡೆದಿತ್ತು. 5ನೆಯ ತಾರೀಖು ಸಿದ್ದೇಶ್ವರದ ಬೆಟ್ಟದಿಂದ ಪಿರಿಯಾಪಟ್ಟಣದ ಬಯಲಲ್ಲಿ ನೂರಾರು ಡೇರೆಗಳೂ ಅವುಗಳ ನಡುವೆ ಒಂದು ದೊಡ್ಡ ಹಸುರು ಡೇರೆಯೂ ಕಂಡುವು. ಮರುದಿನ ಟಿಪ್ಪುವೇ ಬಂದೆರಗಿದನು. ಹೊತ್ತು ಇಳಿಯುವ ಮೊದಲು ಹಿಂದಿರುಗಬೇಕಾಯಿತು. ಎರಡು ತಿಂಗಳಾಗುವ ಮೊದಲೇ, ಮೇ 4ರಂದು, ಶ್ರೀರಂಗಪಟ್ಟಣವು ಬಿದ್ದಿತು. ನಮ್ಮ ಹಿರಿಯನು ಅಲ್ಲಿ ಏನು ಮಾಡಿದನೆಂಬುದನ್ನು ಮನೆಯ ಮಾತು ಹೇಳುವುದಿಲ್ಲ; ನಾಟಿಗೆ ಹಿಂದಿರುಗಿದನೆಂದು ಮಾತ್ರ ಹೇಳುತ್ತದೆ. ಮನೆಯವರಿಗೆ ಬೇಕಾಗಿದ್ದ ಸುದ್ದಿ ಅದೇ.

ಮುಂದಿನ ತಲೆಯವರ ಪಾಡು ವಿಚಿತ್ರವಾದುದು. 1834ರ ಏಪ್ರಿಲಿನಲ್ಲಿ ಅದೇ ಕಂಪನಿಯ ದಂಡು ಚಿಕ್ಕ ವೀರರಾಜನ ಮೇಲೆ ಬಂತು. ಜಮ್ಮದ ಮನೆಗಳಿಗೆ ಮತ್ತೆ ಕರೆ ಹೋಯಿತು. ಉತ್ತರದಿಂದ ಬಂದ ಪಡೆ ಕಾಡಿನ ತಡೆಗೋಡೆಯೊಂದರ ಮುಂದೆ ಬಲವಾದ ಪೆಟ್ಟನ್ನು ತಿಂದಿತಾದರೂ 6ನೆಯ ತಾರೀಖು ಮಡಿಕೇರಿಯು ಇಂಗ್ಲಿಷರ ವಶವಾಯಿತು. ಅರಸು ಹೋಯಿತು, ಉಕ್ಕಡಗಳು ಹಾಳಾದುವು, ಕಾಯಬೇಕಾದ ಗಡಿಯೇ ಇಲ್ಲವಾಯಿತು. ಆದರೆ ಜಮ್ಮ ಉಳಿಯಿತು. ಹೊಸ ಒಡೆಯರು ಅರ್ಧ ಕಂದಾಯವನ್ನು ಮುಂದುವರಿಸಿದರು. 1857ರ ದಂಗೆಯಲ್ಲಿ ತಮಗೆ ನಿಷ್ಠರಾಗಿದ್ದರೆಂದು 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಕೊಡವರನ್ನು ನಿರಾಯುಧೀಕರಣದ ಕಾಯಿದೆಯಿಂದ ಹೊರಗಿಟ್ಟರು. ಆ ವಿನಾಯಿತಿಯ ವಂಶದ್ದೇ ಒಂದು ಆಜ್ಞೆಯನ್ನು ಭಾರತ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿದೆ. ಅದು ಕೊಡವರಿಗೂ ಜಮ್ಮ ಹಿಡುವಳಿಯವರಿಗೂ ಅನ್ವಯಿಸುತ್ತದೆ.

ಹೊರಗಿನವರು ಇದನ್ನು ಕೇಳಿದಾಗ ‘ಅದಕ್ಕೇ ನಿಮ್ಮಲ್ಲಿ ಅಷ್ಟು ಮಂದಿ ಸೇನಾಪತಿಗಳು’ ಎನ್ನುತ್ತಾರೆ. 1949ರ ಜನವರಿ 15ರಂದು ಭಾರತದ ದಂಡನಾಯಕತ್ವವನ್ನು ವಹಿಸಿಕೊಂಡ ಕಾರ್ಯಪ್ಪನವರನ್ನು ನೆನೆಯುತ್ತಾರೆ. ಅದೂ ನಿಜವಿರಬಹುದು. ಆದರೆ ಕಾರ್ಯಪ್ಪನವರು ಸಂಬಳದ ಸೈನ್ಯದ ಅಧಿಕಾರಿ. ನಮ್ಮ ಹಿರಿಯನು ಗದ್ದೆಯ ಸಾಲಕ್ಕೆ ನಿಂತ ಕಾವಲುಗಾರ. ಕಾರ್ಯಪ್ಪನವರ ಸೇವೆ ಅವರದೇ. ನಮ್ಮ ಹಿರಿಯನ ಸೇವೆಯಲ್ಲಿ ಅವನ ಅಣ್ಣನದೊಂದು ಪಾಲು, ಹೆಂಡತಿಯದೊಂದು ಪಾಲು, ಆಳಿನದೊಂದು ಪಾಲು. ನಮ್ಮ ಕೈಮಡದಲ್ಲಿ ಕಾರಣವರಿಗೆ ಎಡೆಯಿಡುವ ದಿನ ಅವನನ್ನೂ ಅವನ ಅಣ್ಣನನ್ನೂ ಸೇರಿಸಿಯೇ ಕರೆಯುತ್ತೇವೆ. ಆಳಿನ ಹೆಸರನ್ನು ಯಾರೂ ಕರೆಯುವುದಿಲ್ಲ. ಅದನ್ನು ಬರೆದಿಟ್ಟವರೂ ಇಲ್ಲ.