ಕಟ್ಟೆಯ ಮೇಲಿನ ಮಾತು, ಕಚೇರಿಯಲ್ಲಿನ ಮೌನ

ಆತಗೂರಿನ ಸಾಮಾನ್ಯ ಮನುಷ್ಯನಿಗೆ ರಾಜಕೀಯ ತಿಳಿಯದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾವೇರಿ ನ್ಯಾಯಮಂಡಳಿಯು 2007ರಲ್ಲಿ ಕರ್ನಾಟಕಕ್ಕೆ 270 ಟಿಎಂಸಿ ನೀರು ಕೊಟ್ಟದ್ದು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು 284.75ಕ್ಕೆ ಏರಿಸಿದ್ದು ಕಬ್ಬು ಬೆಳೆಯುವ ಈ ಸೀಮೆಯ ಚಹಾದಂಗಡಿಗಳಲ್ಲಿ ಚರ್ಚೆಯಾಗದೆ ಉಳಿದ ವಿಷಯಗಳಲ್ಲ. ದಿಲ್ಲಿಯ ಸರಕಾರ ಏನು ಮಾಡಬೇಕಿತ್ತೆಂಬುದೂ ಅಲ್ಲಿಯೇ ತೀರ್ಮಾನವಾಗುತ್ತದೆ!

ಆದರೆ ಅದೇ ಮನುಷ್ಯ ಮಗಳ ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯ ಪ್ರಮಾಣಪತ್ರಕ್ಕಾಗಿ ಕಚೇರಿಯ ಮೆಟ್ಟಿಲು ಹತ್ತಿದೊಡನೆ ಮೂಕನಾಗುತ್ತಾನೆ. 'ನಾಳೆ ಬಾ' ಎಂದರೆ ನಾಳೆ ಹೋಗುತ್ತಾನೆ. ದಿನದ ಕೂಲಿಯೂ ಹೋಯಿತು, ಬಸ್ಸಿನ ಹಣವೂ ಹೋಯಿತು. ಕೊನೆಗೆ ಮಧ್ಯವರ್ತಿಯ ಕೈ ಬೆಚ್ಚಗೆ ಮಾಡಿ, ಮನೆಗೆ ಬಂದು ವ್ಯವಸ್ಥೆಯನ್ನು ಶಪಿಸುತ್ತಾನೆ.

2011ರ ಸಕಾಲ ಕಾಯ್ದೆ ಇರುವುದು ಇಂಥವರಿಗಾಗಿಯೇ. ಅರ್ಜಿ ಕೊಟ್ಟಾಗ ಸಂಖ್ಯೆಯಿರುವ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ನಿಗದಿತ ಅವಧಿ ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವುಂಟು. ಮೊತ್ತ ಅಲ್ಪವೇ, ನಿಜ. ಆದರೆ ಅದನ್ನು ತಪ್ಪಿತಸ್ಥ ನೌಕರನ ಸಂಬಳದಿಂದ ವಸೂಲು ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ಮಧ್ಯವರ್ತಿಗೆ ಕೊಟ್ಟ ಹಣಕ್ಕೆ ಯಾವ ಸ್ವೀಕೃತಿಯಿದೆ?

ಅರ್ಜಿ ಬರೆಯಲು ಬಾರದ ನೆರೆಯವರು ಯಾವ ಮತದವರೇ ಆಗಿರಲಿ, ಅವರಿಗೆ ಬರೆದುಕೊಡಬಲ್ಲ ಯುವಕ ಯುವತಿಯರು ಈ ಸಭೆಯಲ್ಲಿಯೇ ಕುಳಿತಿದ್ದಾರೆ.