ಹಂಬಲ ಬೇರೆ, ಒಲವು ಬೇರೆ



ತಿರುಪ್ಪೂರಿನ ಬನಿಯನ್ ಕಂಪೆನಿಗೆ ದುಡಿಯಲು ಹೋಗುವ ಮಗನೋ ಮಗಳೋ ನಿಮ್ಮ ಮನೆಯಲ್ಲೂ ಇರಬಹುದು. ರಾತ್ರಿ ಶಿಫ್ಟು ಮುಗಿಸಿ ಬಂದವರು ಊಟ ಸೇರದೆ, ನಿದ್ದೆ ಬಾರದೆ ಫೋನನ್ನೇ ನೋಡುತ್ತ ಕುಳಿತರೆ ಹೆತ್ತವರು ಗದರುತ್ತಾರೆ, ಇಲ್ಲವೇ ಅವಸರವಾಗಿ ಜಾತಕ ತೆಗೆಯುತ್ತಾರೆ. ಇದು ಬರಿಯ ಹಂಬಲವೋ, ನಿಜವಾದ ಒಲವೋ ಎಂದು ವಿಚಾರಿಸುವವರು ಕಡಿಮೆ.

ನಾವು ಬಾಳುತ್ತಿರುವ ಈ ತಮಿಳು ನೆಲದಲ್ಲೇ ಇದಕ್ಕೆ ಬಹಳ ಹಳೆಯ ಉತ್ತರವಿದೆ. ತೊಲ್ಕಾಪ್ಪಿಯಂ ಎಂಬ ಲಕ್ಷಣಗ್ರಂಥ ಪ್ರೇಮದ ಬಾಳನ್ನು ಏಳು ತಿಣೆಗಳಾಗಿ ವಿಂಗಡಿಸುತ್ತದೆ. ಮೊದಲನೆಯದು ಕೈಕ್ಕಿಳೈ, ಒಬ್ಬರ ಕಡೆಯಿಂದಷ್ಟೇ ಇರುವ ಆಸೆ. ಕೊನೆಯದು ಪೆರುಂದಿಣೈ, ಹೊಂದಿಕೆಯಿಲ್ಲದ, ಹದ ಮೀರಿದ ಕಾಮ. ನಡುವಣ ಐದು ಮಾತ್ರ ಇಬ್ಬರ ಮನಸ್ಸೂ ಕೂಡಿದ ಒಲವು. ಆ ಐದರಲ್ಲೂ ವಿರಹವಿದೆ, ಮುನಿಸಿದೆ, ಕಾಯುವ ಸಂಕಟವಿದೆ. ಹಂಬಲಿಸುವುದೇ ತಪ್ಪೆಂದು ಹಳಬರು ಹೇಳಲಿಲ್ಲ. ಎದುರಿನವರ ಮನಸ್ಸೂ ಅದರಲ್ಲಿದೆಯೇ ಎಂದು ನೋಡಿದರು.

ಮಡಲೇರುವುದು ಪೆರುಂದಿಣೆಗೆ ಸೇರಿದ್ದು. ಬಯಸಿದ ಹೆಣ್ಣು ದೊರೆಯದ ಗಂಡು ಗರಗಸದಂಥ ತಾಳೆಮಟ್ಟೆಯಿಂದ ಕುದುರೆ ಮಾಡಿ, ಅದನ್ನೇರಿ ಊರ ಬೀದಿಯಲ್ಲಿ ಬರುತ್ತಿದ್ದನಂತೆ. ಅವನ ಮೈಗೆ ಗಾಯ, ಅವಳ ಹೆಸರಿಗೆ ಅಪವಾದ. ಇಂದು ಬಸ್ ನಿಲ್ದಾಣದಲ್ಲಿ ಕೈ ಕುಯ್ದುಕೊಂಡು ತೋರಿಸುವ ಹುಡುಗನೂ ಮಡಲೇರಿದವನೇ. ಇದನ್ನೇ ಪ್ರೇಮವೆಂದು ಎಷ್ಟು ಸಿನಿಮಾಗಳು ತೋರಿಸಿಲ್ಲ! ಬೇಡವೆಂದ ಮೇಲೂ ಹೆಣ್ಣಿನ ಬೆನ್ನುಹತ್ತುವುದನ್ನು 2013ರಲ್ಲಿ ಕಾನೂನು ಅಪರಾಧವೆಂದು ಸಾರಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು. ತೊಂದರೆಗೊಳಗಾದ ಹೆಣ್ಣುಮಕ್ಕಳು 181ಕ್ಕೆ ಫೋನ್ ಮಾಡಬಹುದು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊತಿ ಟೆನೊವ್ 1979ರ ತಮ್ಮ ಪುಸ್ತಕದಲ್ಲಿ ಈ ಹಪಹಪಿಯನ್ನು 'ಲಿಮರೆನ್ಸ್' ಎಂದು ಕರೆದರು. ಆಸೆಯೂ ಅನುಮಾನವೂ ಬೆರೆತಾಗ ಅದು ಹೆಚ್ಚು ಉರಿಯುತ್ತದೆ ಎಂಬುದು ಅವರ ಮಾತು. ಅಡ್ಡಿ ಅದಕ್ಕೆ ಸೌದೆಯಿದ್ದಂತೆ. ಹಾಗಾಗಿ ಮಗಳನ್ನು ಕೋಣೆಗೆ ಹಾಕಿ ಬೀಗ ಜಡಿಯುವ ತಂದೆ ಬೆಂಕಿಯನ್ನು ಆರಿಸುತ್ತಿಲ್ಲ, ಊದುತ್ತಿದ್ದಾನೆ.

ಬದಲಿಗೆ ಕೂರಿಸಿಕೊಂಡು ಕೇಳಿ. ಆ ಹುಡುಗನ ತಲೆಯ ಮೇಲೆ ಎಷ್ಟು ಸಾಲವಿದೆ, ಸಿಟ್ಟು ಬಂದರೆ ಏನು ಮಾಡುತ್ತಾನೆ, ನೀನು ಆಗದು ಎಂದಾಗ ಸುಮ್ಮನಾದನೇ? ಹಂಬಲ ಹಿಡಿದವರಿಗೆ ಅವನ ನಗು ಗೊತ್ತಿರುತ್ತದೆ, ಇವೆಲ್ಲ ಗೊತ್ತಿರುವುದಿಲ್ಲ. ಸಿರುಮುಗೈಯ ನೇಕಾರರ ಮನೆಗಳನ್ನು ನೋಡಿದವರಿಗೆ ಗೊತ್ತು, ಒಬ್ಬರು ಕಂಡಿಕೆ ಸುತ್ತಿಕೊಟ್ಟರೆ ತಾನೆ ಇನ್ನೊಬ್ಬರ ಮಗ್ಗ ನಡೆಯುವುದು? ಇವನು ಕಂಡಿಕೆ ಸುತ್ತುವವನೇ ಎಂದೂ ಕೇಳಿ.

ಉತ್ತರಗಳು ಸರಿಯಾಗಿಯೇ ಬಂದವು, ಆದರೆ ಜಾತಿ ಬೇರೆ, ಆಗ? ಆ ಒಂದೇ ಕಾರಣಕ್ಕೆ ಅದನ್ನು ಹುಚ್ಚು ಎಂದು ಕರೆಯಬೇಡಿ. 2016ರ ಮಾರ್ಚಿಯಲ್ಲಿ ನಮ್ಮ ಉಡುಮಲೈಪೇಟೆಯಲ್ಲಿ ಜಾತಿ ಮೀರಿ ಮದುವೆಯಾದ ತರುಣನೊಬ್ಬನನ್ನು ಹಾಡುಹಗಲೇ ಕೊಚ್ಚಿ ಕೊಂದರು. ಜೊತೆಯಲ್ಲಿದ್ದ ಹೆಂಡತಿಗೂ ಗಾಯಗಳಾದವು. ಹುಚ್ಚು ಯಾರಿಗೆ ಹಿಡಿದಿತ್ತು, ನೀವೇ ಹೇಳಿ. ಹೆಣ್ಣಿಗೆ 18, ಗಂಡಿಗೆ 21 ತುಂಬಿದ್ದರೆ ಕಾನೂನಿನ ಕಣ್ಣಿನಲ್ಲಿ ತೀರ್ಮಾನ ಅವರದು.